ನಿಂತುಹೋದ ಓದನ್ನು ಮತ್ತೆ ಹಿಡಿಯಲು: ಗುರಿ, ಕಿವಿ, ಗ್ರಂಥಾಲಯ, ಗಟ್ಟಿ ಓದು

ಓದುವ ಅಭ್ಯಾಸ ಚೆನ್ನಾಗಿದ್ದವರಿಗೇ ಓದು ನಿಂತುಹೋಗುವ ಸಂಕಟ ಸರಿಯಾಗಿ ಗೊತ್ತಾಗುವುದು. ಪುಸ್ತಕ ಎದುರಿಗಿರುತ್ತದೆ, ಬಿಡುವೂ ಇರುತ್ತದೆ. ಆದರೆ ಒಂದು ಪುಟ ಮುಗಿಯುವಷ್ಟರಲ್ಲಿ ಕೈ ತಾನಾಗಿ ಮೊಬೈಲ್ ಹುಡುಕುತ್ತದೆ. ಅದೇ ಪ್ಯಾರಾ ಮತ್ತೆ ಮತ್ತೆ ಓದಿದರೂ ತಲೆಗೆ ಇಳಿಯುವುದಿಲ್ಲ. ಇದರಿಂದ ಆಚೆ ಬರಲು ಜನ ಹೇಳುವ ದಾರಿಗಳನ್ನು ಕೋಲಾರದಲ್ಲಿದ್ದುಕೊಂಡು ಒಂದೊಂದಾಗಿ ಹಿಡಿದು ನೋಡಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳುವುದೇ ಎಲ್ಲಕ್ಕಿಂತ ಮೇಲು. ಗ್ರಂಥಾಲಯ ಅದರ ಹಿಂದೆಯೇ ಬರುತ್ತದೆ. ಉಳಿದವು ಒಬ್ಬೊಬ್ಬರಿಗೆ ಒಂದೊಂದು ರೀತಿ.

ದಿನಕ್ಕೆ ಇಷ್ಟು ಪುಟ, ವರ್ಷಕ್ಕೆ ಇಷ್ಟು ಪುಸ್ತಕ ಅನ್ನುವ ಗುರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಲೆಕ್ಕ ಶುರುವಾದ ಕೂಡಲೇ ಮನಸ್ಸು ತೆಳ್ಳನೆಯ ಪುಸ್ತಕಗಳನ್ನೇ ಆರಿಸುತ್ತದೆ, ಕಣ್ಣು ಪುಟದ ಸಂಖ್ಯೆಯ ಮೇಲೇ ಇರುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಬಾಕಿ ಸೇರಿಕೊಳ್ಳುತ್ತದೆ. ಚೆನ್ನಾಗಿ ಓದುತ್ತಿರುವವರಿಗೆ ಗುರಿ ಹುರುಪು ಕೊಡಬಹುದು. ಓದು ನಿಂತವರಿಗೆ ಅದು ಸಾಲದ ಕಂತು.

ಅದಕ್ಕೆ ಎದುರಾಗಿ, ತೀರಾ ಚಿಕ್ಕದನ್ನು ಹಿಡಿಯಿರಿ ಅನ್ನುವವರಿದ್ದಾರೆ. ನಮ್ಮ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ಇದಕ್ಕೆ ಹೇಳಿ ಮಾಡಿಸಿದಂತಿದೆ: 1943ರಲ್ಲಿ ಬಂದ ಪುಸ್ತಕ, 945 ಪದ್ಯ, ಒಂದೊಂದಕ್ಕೂ ನಾಲ್ಕೇ ಸಾಲು. ಬೆಳಿಗ್ಗೆ ಕಾಫಿಯ ಜತೆ ಒಂದು ಪದ್ಯ ಓದುವುದು ನಿಜಕ್ಕೂ ಸುಖ, ಈಗಲೂ ಬಿಟ್ಟಿಲ್ಲ. ಆದರೆ ಓದಿನ ಹಸಿವು ಅದರಿಂದ ಮರಳಲಿಲ್ಲ. ನಾಲ್ಕು ಸಾಲು ಓದಿ ಪುಸ್ತಕ ಮುಚ್ಚಿ ಯೋಚಿಸುವಂತೆ ಮಾಡುವುದೇ ಅದರ ಗುಣ. ಓದು ನಿಂತವರಿಗೆ ಬೇಕಿರುವುದು ಮುಂದಿನ ಪುಟಕ್ಕೆ ಎಳೆದುಕೊಂಡು ಹೋಗುವಂಥದ್ದು.

ಇನ್ನು ಫೋನು. ಇ-ಬುಕ್ಕಿಗೂ ಆಡಿಯೋ ಬುಕ್ಕಿಗೂ ತುಂಬ ಅಂತರವಿದೆ. ಇ-ಬುಕ್ ನನಗೆ ಹಿಡಿಸಲಿಲ್ಲ. ಯಾವ ವಸ್ತು ನಮ್ಮ ಗಮನ ಕದಿಯುತ್ತಿದೆಯೋ ಅದರೊಳಗೇ ಕೂತು ಓದಬೇಕು. ಡೇಟಾ ಆಫ್ ಮಾಡಿದರೂ ಬೆರಳಿಗೆ ಸರಿಸುವ ಚಾಳಿ ಹೋಗುವುದಿಲ್ಲ. ಆದರೆ ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಕನ್ನಡದ ಹೊಸ ಪುಸ್ತಕ ಊರಿಗೆ ಬರುವ ತನಕ ಕಾಯಬೇಕಾಗಿಲ್ಲ. ಕಣ್ಣಿನ ತೊಂದರೆ ಇದ್ದವರಿಗೆ ಇದು ದೊಡ್ಡ ಅನುಕೂಲ.

ಆಡಿಯೋವನ್ನು ಬೆಂಗಳೂರು ಬಸ್ಸಿನಲ್ಲಿ ಕೇಳಿದೆ. ನರಸಾಪುರ ದಾಟುವವರೆಗೂ ಕಥೆ ಚೆನ್ನಾಗಿ ಸಾಗುತ್ತದೆ. ಹೊಸಕೋಟೆ ಹತ್ತಿರ ವಾಹನಗಳು ಜಾಸ್ತಿಯಾಗಿ ಹಾರ್ನ್ ಶುರುವಾದರೆ ಎಳೆ ತಪ್ಪುತ್ತದೆ, ಎಲ್ಲಿ ತಪ್ಪಿತೆಂದು ಹಿಂದಕ್ಕೆ ಹುಡುಕುವುದು ಕಷ್ಟ. ಹಿಂದೆ ಓದಿದ ಪುಸ್ತಕವಾದರೆ ಈ ತೊಂದರೆ ಇಲ್ಲ, ತಪ್ಪಿದ್ದನ್ನು ನೆನಪು ತುಂಬಿಕೊಡುತ್ತದೆ. ಹೊಸ ಕಾದಂಬರಿಯನ್ನು ಮಾತ್ರ ಬಸ್ಸಿನಲ್ಲಿ ಕೇಳಬೇಡಿ.

ಹಳೆಯ ಮೆಚ್ಚಿನ ಪುಸ್ತಕವನ್ನೇ ಮತ್ತೆ ಓದುವುದೂ ಬೇಗ ಫಲ ಕೊಡುತ್ತದೆ. ಕೊನೆ ಗೊತ್ತಿರುವುದರಿಂದ ಅವಸರವಿಲ್ಲ. ಆದರೆ ಅಲ್ಲಿಂದ ಹೊಸ ಪುಸ್ತಕಕ್ಕೆ ದಾಟುವಾಗ ಮತ್ತೆ ಅದೇ ತೊಡಕು.

ಗ್ರಂಥಾಲಯದ ವಿಷಯ ಬೇರೆ. ನಮ್ಮ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಯಾವಾಗ ಹೋದರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೆಳಿಗ್ಗೆಯೇ ಜಾಗ ಹಿಡಿದಿರುತ್ತಾರೆ. ಪಿಡಿಒ, ಎಫ್‌ಡಿಎ, ಪೊಲೀಸ್ ಪರೀಕ್ಷೆಗಳ ಗೈಡುಗಳು, ಬಣ್ಣಬಣ್ಣದ ಗೆರೆ ಎಳೆದ ನೋಟ್ಸು, ಪಕ್ಕದಲ್ಲಿ ನೀರಿನ ಬಾಟ್ಲಿ, ಟಿಫಿನ್ ಡಬ್ಬಿ. ಅಷ್ಟು ಜನ ತಲೆ ಬಗ್ಗಿಸಿ ಓದುತ್ತಿರುವಾಗ ನಡುವೆ ಕೂತು ಫೋನ್ ತೆಗೆಯಲು ಕೈ ಬರುವುದಿಲ್ಲ. ಮನೆಯಲ್ಲಿ ಹತ್ತು ನಿಮಿಷ ನಿಲ್ಲದ ಮನಸ್ಸು ಅಲ್ಲಿ ಗಂಟೆಗಟ್ಟಲೆ ನಿಂತಿತು. ಆ ಮಕ್ಕಳ ಓದಿನಲ್ಲಿ ಒಂದು ಬದುಕಿನ ಪ್ರಶ್ನೆಯೇ ಇದೆ. ಅವರನ್ನು ನೋಡಿದರೆ ಬಿಡುವಿನ ಓದು ಎಷ್ಟು ದೊಡ್ಡ ಭಾಗ್ಯ ಅನ್ನಿಸುತ್ತದೆ.

ಎರವಲು ತಂದರೆ ಇನ್ನೊಂದು ಲಾಭ: ವಾಪಸ್ ಕೊಡುವ ತಾರೀಖು. ಕೊಂಡ ಪುಸ್ತಕ ಬೀರುವಿನಲ್ಲಿ ಎಷ್ಟು ದಿನ ಬೇಕಾದರೂ ಕಾಯುತ್ತದೆ, ತಂದದ್ದು ಕಾಯುವುದಿಲ್ಲ. ಹಿಡಿಸದಿದ್ದರೆ ಅರ್ಧಕ್ಕೇ ಕೊಟ್ಟು ಬೇರೆ ತರಬಹುದು, ದುಡ್ಡು ದಂಡವಾಯಿತೆಂಬ ಕೊರಗಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ನಾವು ಹೋಗಿ ಕೂರಬೇಕಾದ ಜಾಗ ಅದು. ತೊಂದರೆ ಒಂದೇ, ಕೆಲಸಕ್ಕೆ ಹೋಗುವವರಿಗೆ ಅದರ ಸಮಯ ಹೊಂದುವುದು ಕಷ್ಟ.

ಹಾಗಾಗಿ ಸಂಜೆಯ ಹೊತ್ತಿಗೆ ನನಗೆ ದಕ್ಕಿದ್ದು ಗಟ್ಟಿ ಓದು. ನಮ್ಮತ್ತೆಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಅವರಿಗೆ ಓದಲು ಮಾಸ್ತಿಯವರ ಸಣ್ಣಕಥೆಗಳನ್ನು ತೆಗೆದುಕೊಂಡೆ. ಮಾಸ್ತಿ ಮಾಲೂರು ತಾಲ್ಲೂಕಿನವರು ಎಂಬ ಅಭಿಮಾನವೂ ಉಂಟು, ಆದರೆ ಆರಿಸಿದ ಕಾರಣ ಅದಲ್ಲ. ಹಿರಿಯರೊಬ್ಬರು ಎದುರಿಗೆ ಕೂತು ನಡೆದದ್ದನ್ನು ಹೇಳುವ ಹಾಗೆ ಅವರ ಕಥೆ ಸಾಗುತ್ತದೆ. ಬಾಯಿಗೆ ತೊಡರುವ ವಾಕ್ಯ ಕಡಿಮೆ, ಒಂದು ಕಥೆ ಒಂದೇ ಕೂತಿಕೆಯಲ್ಲಿ ಮುಗಿಯುತ್ತದೆ.

ಅವರೆಕಾಯಿ ಕಾಲ. ಅತ್ತೆ ನೆನೆಸಿದ ಕಾಳನ್ನು ಬೆರಳಲ್ಲಿ ಹಿತುಕುತ್ತಾ ಕೂರುತ್ತಾರೆ, ಬೇಳೆ ಒಂದು ಪಾತ್ರೆಗೆ, ಸಿಪ್ಪೆ ಮೊರಕ್ಕೆ. ನಮ್ಮ ಮನೆಮಾತು ತೆಲುಗು. ಕಥೆ ಬಿಗಿಯಾದ ಕಡೆ ಅವರ ಬೆರಳು ನಿಲ್ಲುತ್ತದೆ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೂ ‘ತರ್ವಾತ ಏಮಾಯೆ?’ ಅಂತ ಕೇಳುತ್ತಾರೆ. ಆಮೇಲೇನಾಯಿತು ಎಂಬ ಆ ಪ್ರಶ್ನೆಯೇ ನನ್ನಲ್ಲಿ ಸತ್ತುಹೋಗಿದ್ದದ್ದು. ಅವರ ಬಾಯಲ್ಲಿ ಕೇಳಿ ಕೇಳಿ ನನ್ನಲ್ಲೂ ಹುಟ್ಟಿತು. ಒಂದು ಪಾತ್ರದ ನಡತೆ ಅವರಿಗೆ ಸರಿಬರದಿದ್ದರೆ ಅಲ್ಲೇ ವಾದ ಶುರು, ನಾನು ಹಿಂದಿನ ಪುಟ ತೆಗೆದು ಸಾಕ್ಷಿ ತೋರಿಸಬೇಕು. ಅಷ್ಟು ಎಚ್ಚರದಿಂದ ನಾನು ಕಾಲೇಜಿನ ದಿನಗಳಲ್ಲೂ ಓದಿರಲಿಲ್ಲ.

ಇದು ಏಕೆ ಕೆಲಸ ಮಾಡುತ್ತದೆಂದು ಯೋಚಿಸಿದ್ದೇನೆ. ಗಟ್ಟಿಯಾಗಿ ಓದುವಾಗ ಕಣ್ಣು ಸಾಲು ಹಾರಿಸಲು ಆಗುವುದಿಲ್ಲ. ವೇಗ ತಾನಾಗಿ ಇಳಿಯುತ್ತದೆ. ಕಣ್ಣು, ಬಾಯಿ, ಕಿವಿ ಮೂರೂ ಒಂದೇ ವಾಕ್ಯದ ಮೇಲಿರುವುದರಿಂದ ಮನಸ್ಸು ಅಲೆಯಲು ಜಾಗ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ಒಬ್ಬರು ಕಾಯುತ್ತಿರುತ್ತಾರೆ. ನಮ್ಮಲ್ಲಿ ಗಮಕ ವಾಚನ ಇದೇ ಬಲದ ಮೇಲೆ ನಿಂತದ್ದು: ಒಬ್ಬರು ಕಾವ್ಯ ಓದುವುದು, ಇನ್ನೊಬ್ಬರು ಅರ್ಥ ಬಿಡಿಸುವುದು, ಊರು ಕೇಳುವುದು. ಮೌನವಾಗಿ ಒಬ್ಬರೇ ಓದುವ ರೂಢಿ ಅದಕ್ಕಿಂತ ತುಂಬ ಈಚಿನದು.

ಕೊರತೆಯೂ ಇದೆ. ಗಂಟಲು ಬೇಗ ಸೋಲುತ್ತದೆ, ದಪ್ಪ ಕಾದಂಬರಿ ಈ ನಡಿಗೆಯಲ್ಲಿ ತಿಂಗಳುಗಟ್ಟಲೆ ಎಳೆಯುತ್ತದೆ. ಅದಕ್ಕೆ ಸಂಜೆ ಕಥೆ ಗಟ್ಟಿಯಾಗಿ, ಭಾನುವಾರ ಕಾದಂಬರಿ ಒಬ್ಬಳೇ ಎಂದು ಇಟ್ಟುಕೊಂಡಿದ್ದೇನೆ. ಒಬ್ಬರೇ ಇರುವವರು ಊರಿನಲ್ಲಿರುವ ಅಮ್ಮನಿಗೋ ಅಕ್ಕನ ಮಕ್ಕಳಿಗೋ ಫೋನಿನಲ್ಲಿ ಓದಬಹುದು, ಸ್ಪೀಕರ್ ಹಾಕಿಕೊಂಡು ಅವರು ಅವರ ಕೆಲಸ ಮಾಡಿಕೊಳ್ಳಲಿ. ಕೇಳುವವರೇ ಸಿಗದಿದ್ದರೆ ಗ್ರಂಥಾಲಯದ ಸದಸ್ಯರಾಗಿ, ಒಂದು ಕಥಾಸಂಕಲನ ಎರವಲು ತನ್ನಿ, ಕಾದಂಬರಿ ಆಮೇಲೆ.