ಸಿಗದ ಸೋವಿಯತ್ ಪಿಯಾನೊ ಸ್ಕೋರ್‌ಗಳು: ಯಾವುದಕ್ಕೆ ಯಾವ ದಾರಿ

ರೋಸ್ಲವೆಟ್ಸ್, ಮೋಸೊಲೊವ್, ಫೈನ್‌ಬರ್ಗ್, ಅನತೋಲಿ ಅಲೆಕ್ಸಾಂದ್ರೊವ್, ಜದೆರಾತ್ಸ್ಕಿ. ಶೋಸ್ತಕೋವಿಚ್, ಪ್ರೊಕೊಫಿಯೆವ್ ದಾಟಿ ಮುಂದೆ ಹೋದವರಿಗೆ ಮೊದಲು ಎದುರಾಗುವ ಸೋವಿಯತ್ ಸಂಯೋಜಕರ ಹೆಸರುಗಳಿವು. ಇವರ ಪಿಯಾನೊ ಕೃತಿಗಳ ಸ್ಕೋರ್ (ಅಚ್ಚಾದ ಸ್ವರಲಿಪಿ) ಸಿಗುವ ದಾರಿ ನಾಲ್ಕು: ಐಎಂಎಸ್‌ಎಲ್‌ಪಿಯಂಥ ಉಚಿತ ಸ್ಕ್ಯಾನ್ ಭಂಡಾರ, ಈಗಲೂ ಅಚ್ಚು ಹಾಕುವ ಪ್ರಕಾಶಕರು, ಹಳೆಯ ಸೋವಿಯತ್ ಪ್ರತಿ, ಗ್ರಂಥಾಲಯದ ಸ್ಕ್ಯಾನ್. ಇದೇ ಐವರ ಹೆಸರಿಟ್ಟುಕೊಂಡು ನಾಲ್ಕೂ ಕಡೆ ಹುಡುಕಿ ನೋಡಿದರೆ ಎಲ್ಲರಿಗೂ ಒಗ್ಗುವ ದಾರಿ ಒಂದೂ ಇಲ್ಲ ಎಂಬುದು ಬೇಗ ಗೊತ್ತಾಗುತ್ತದೆ. ಹುಡುಕುವ ಮುನ್ನ ಎರಡು ಇಸವಿ ಬರೆದಿಟ್ಟುಕೊಳ್ಳಿ: ಸಂಯೋಜಕರು ತೀರಿಕೊಂಡದ್ದು ಯಾವಾಗ, ಕೃತಿ ಮೊದಲು ಅಚ್ಚಾದದ್ದು ಯಾವಾಗ. ಯಾವ ಬಾಗಿಲು ತಟ್ಟಬೇಕೆಂದು ಅವೇ ಹೇಳುತ್ತವೆ.

ಮೊದಲು ಉಚಿತ ಭಂಡಾರ. ಐಎಂಎಸ್‌ಎಲ್‌ಪಿ ಪಾಲಿಸುವುದು ಕೆನಡಾದ ಕಾನೂನನ್ನು. ಅಲ್ಲಿ ಕೃತಿಸ್ವಾಮ್ಯದ (ಕಾಪಿರೈಟ್) ಅವಧಿ ಸಾವಿನ ನಂತರ 50 ವರ್ಷ ಇದ್ದದ್ದು 2022ರ ಡಿಸೆಂಬರ್ 30ರಂದು 70 ಆಯಿತು; ಅಷ್ಟರೊಳಗೆ ಮುಕ್ತವಾದದ್ದು ಮುಕ್ತವಾಗಿಯೇ ಉಳಿಯಿತು. ಹಾಗಾಗಿ 1971ರ ಕೊನೆಯೊಳಗೆ ತೀರಿಕೊಂಡವರು ಈಚೆ ದಡದಲ್ಲಿದ್ದಾರೆ: 1944ರ ರೋಸ್ಲವೆಟ್ಸ್, 1962ರ ಫೈನ್‌ಬರ್ಗ್. ಇನ್ನೊಬ್ಬ ಸಂಯೋಜಕ ಗವ್ರೀಲ್ ಪೊಪೊವ್ ತೀರಿಕೊಂಡದ್ದು 1972ರ ಫೆಬ್ರುವರಿಯಲ್ಲಿ. 2023ರ ಜನವರಿ 1ಕ್ಕೆ ಮುಕ್ತವಾಗಬೇಕಿದ್ದ ಅವರ ಕೃತಿಗಳು ಎರಡೇ ದಿನದಲ್ಲಿ ತಪ್ಪಿ ಇನ್ನೂ 20 ವರ್ಷ ಮುಂದಕ್ಕೆ ಹೋದವು.

ಮೋಸೊಲೊವ್ (1900–1973) ಲೆಕ್ಕ ಇನ್ನೂ ಗೋಜಲು. ಕೆನಡಾದಲ್ಲಿ 2044ರವರೆಗೆ ಕಾಯಬೇಕು. ಭಾರತದಲ್ಲಿ ಸಾವಿನ ನಂತರ 60 ವರ್ಷ, ಅಂದರೆ 2033ರ ಕೊನೆ. ಅಮೆರಿಕದಲ್ಲಿ ಮಾತ್ರ ಪ್ರಕಟಣೆಯಿಂದ 95 ವರ್ಷದ ಲೆಕ್ಕ ಇರುವುದರಿಂದ 1920ರ ದಶಕದಲ್ಲಿ ಅಚ್ಚಾದ ಅವರ ಕೃತಿಗಳು ಈಗಾಗಲೇ ಮುಕ್ತ. ಒಂದೇ ಪುಟಕ್ಕೆ ಮೂರು ದೇಶಗಳಲ್ಲಿ ಮೂರು ಉತ್ತರ. ಭಂಡಾರದಲ್ಲಿ ಕಡತದ ಪಕ್ಕ ದೇಶವಾರು ಗುರುತು ಇರುತ್ತದೆ, ಅದನ್ನು ನೋಡದೆ ಇಳಿಸಿಕೊಳ್ಳಬೇಡಿ. ಅಂದಹಾಗೆ, ಮೋಸೊಲೊವ್ ಅವರ ಮೂರನೇ ಸೊನಾಟಾಗಾಗಿ ಯಾರೂ ರಾತ್ರಿ ನಿದ್ದೆಗೆಡುವುದು ಬೇಡ. ಅದರ ಹಸ್ತಪ್ರತಿಯೇ ಕಳೆದುಹೋಗಿದೆ.

ಸತ್ತ ಇಸವಿಯ ಲೆಕ್ಕ ಕೈಕೊಡುವುದು ಮರಣೋತ್ತರ ಪ್ರಕಟಣೆಯಲ್ಲಿ. ಭಾರತದ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಅಂಥ ಕೃತಿಗೆ 60 ವರ್ಷದ ಎಣಿಕೆ ಶುರುವಾಗುವುದು ಮೊದಲ ಪ್ರಕಟಣೆಯಿಂದ. ಫೈನ್‌ಬರ್ಗ್ ಅವರ ಮೂರನೇ ಸೊನಾಟಾ ಅಚ್ಚಾದದ್ದು ಅವರು ಹೋದ ಮೇಲೆ, 1970ರ ದಶಕದಲ್ಲಿ. ಅವರ ಬೇರೆ ಸೊನಾಟಾಗಳ ಜೊತೆ ಅದನ್ನೂ ಸೇರಿಸಿ ಎಣಿಸಿದರೆ ತಪ್ಪುತ್ತದೆ. ಜದೆರಾತ್ಸ್ಕಿ ವಿಷಯವೂ ಹೀಗೇ. ಅವರು 24 ಪ್ರೆಲ್ಯೂಡ್ ಮತ್ತು ಫ್ಯೂಗ್‌ಗಳನ್ನು 1937–39ರಲ್ಲಿ ಕೊಲಿಮಾದ ಕೈದಿಗಳ ಶಿಬಿರದಲ್ಲಿ, ಪಿಯಾನೊ ಇಲ್ಲದೆ, ಟೆಲಿಗ್ರಾಂ ಫಾರಂಗಳ ಮೇಲೆ ಬರೆದರು. ತೀರಿಕೊಂಡದ್ದು 1953ರಲ್ಲೇ ಆದರೂ ಆ ಇಸವಿ ನೋಡಿ ‘ಮುಕ್ತ’ ಅಂದುಕೊಳ್ಳುವಂತಿಲ್ಲ.

ಇನ್ನು ಸ್ಕ್ಯಾನಿನ ಗುಣ. ರೋಸ್ಲವೆಟ್ಸ್ ಸಂಗೀತದಲ್ಲಿ ಸ್ವರಸ್ವರಕ್ಕೂ ಶಾರ್ಪ್, ಫ್ಲ್ಯಾಟ್, ಡಬಲ್ ಶಾರ್ಪ್ ಚಿಹ್ನೆಗಳು ಅಂಟಿಕೊಂಡಿರುತ್ತವೆ. ಬರೀ ಕಪ್ಪು-ಬಿಳುಪಿನಲ್ಲಿ, 150 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಆಸುಪಾಸಿನಲ್ಲಿ ಮಾಡಿದ ಸ್ಕ್ಯಾನಿನಲ್ಲಿ ನ್ಯಾಚುರಲ್‌ಗೂ ಶಾರ್ಪ್‌ಗೂ ಇರುವ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಡಬಲ್ ಶಾರ್ಪ್ ಒಂದು ಶಾಯಿ ಚುಕ್ಕೆಯಾಗುತ್ತದೆ. ಪರೀಕ್ಷೆ ಸುಲಭ: ಕಿಕ್ಕಿರಿದ ಒಂದು ಸ್ವರಗುಚ್ಛವನ್ನು (ಕಾರ್ಡ್) ತೆರೆಯ ಮೇಲೆ 400 ಪ್ರತಿಶತಕ್ಕೆ ಹಿಗ್ಗಿಸಿ. ಚಿಹ್ನೆಯ ಎರಡು ಲಂಬ ಗೆರೆಗಳ ನಡುವೆ ಬಿಳಿ ಕಂಡರೆ ಬಳಸಬಹುದು. ತುಂಬಿಕೊಂಡಿದ್ದರೆ ಬೇರೆ ಪ್ರತಿ ಹುಡುಕಿ, ಊಹಿಸಿ ನುಡಿಸಬೇಡಿ. ಈ ಶೈಲಿಯಲ್ಲಿ ತಪ್ಪು ಸ್ವರ ಕಿವಿಗೆ ತಪ್ಪು ಅನ್ನಿಸುವುದಿಲ್ಲ, ಅದೇ ಅಪಾಯ.

ಎರಡನೇ ದಾರಿ ಪ್ರಕಾಶಕರದ್ದು. ಹೇಳಲು ಹೆಚ್ಚೇನಿಲ್ಲ: ಹಣ ಕೊಟ್ಟರೆ ಬರುತ್ತದೆ, ಅಚ್ಚು ಸ್ವಚ್ಛ. ರೋಸ್ಲವೆಟ್ಸ್ ಮತ್ತು ಕಪುಸ್ತಿನ್ ‘ಶಾಟ್’ ಪ್ರಕಾಶನದ ಪಟ್ಟಿಯಲ್ಲಿದ್ದಾರೆ, ಉಸ್ತ್ವೋಲ್ಸ್ಕಯಾ ಅವರ ಆರು ಸೊನಾಟಾಗಳು ‘ಸಿಕೋರ್ಸ್ಕಿ’ ಪ್ರಕಾಶನದಲ್ಲಿವೆ. 2020ರಲ್ಲಿ ತೀರಿಕೊಂಡ ಕಪುಸ್ತಿನ್ ಅವರಂಥವರಿಗೆ ನೆಟ್ಟಗಿನ ದಾರಿ ಇದೊಂದೇ. ಅಲೆಕ್ಸಾಂದ್ರೊವ್ (1888–1982) ಅವರ 14 ಸೊನಾಟಾಗಳಿಗೆ ಮಾತ್ರ ಈ ದಾರಿಯ ಮೇಲೆ ಭರವಸೆ ಇಟ್ಟು ಕೂರಬೇಡಿ.

ಅವರಿಗೆ ಒಪ್ಪುವುದು ಮೂರನೇ ದಾರಿ, ಹಳೆಯ ಸೋವಿಯತ್ ಪ್ರತಿ. ನಿಜವಾದ ಸುಗ್ಗಿ ಇರುವುದೂ ಇಲ್ಲೇ. 1920ರ ದಶಕದವಕ್ಕೆ ‘ಮುಜ್‌ಸೆಕ್ಟರ್’, ಆಮೇಲೆ ‘ಮುಜ್‌ಗಿಜ್’, 1964ರಿಂದ ‘ಮುಜಿಕಾ’, ಜೊತೆಗೆ ‘ಸೋವೆತ್ಸ್ಕಿ ಕಂಪೊಜಿತರ್’. ಹೊದಿಕೆಯ ಮೇಲಿನ ಪ್ರಕಾಶಕರ ಹೆಸರಿನಿಂದಲೇ ಕಾಲವನ್ನು ಸುಮಾರಾಗಿ ಹೇಳಬಹುದು. ಕೊನೆಯ ಪುಟದ ಕೆಳಗೆ ಪ್ಲೇಟ್ ನಂಬರು (ಅಚ್ಚಿನ ಗುರುತಿನ ಸಂಖ್ಯೆ), ಪ್ರತಿಗಳ ಸಂಖ್ಯೆ, ಕಾಗದದ ಅಳತೆ ಇರುತ್ತವೆ. ಮಾರುವವರಿಂದ ಆ ಪುಟದ ಫೋಟೊ ಕೇಳಿ ತರಿಸಿಕೊಳ್ಳಿ. ಬೇರೆ ಸಂಪುಟ ಬಂದು ಬೀಳುವ ತಾಪತ್ರಯ ತಪ್ಪುತ್ತದೆ.

ಹುಡುಕುವ ಪದ ಇಂಗ್ಲಿಷಿನದಾದರೆ ಸಿಗುವುದು ಕಾಲುಭಾಗವೂ ಅಲ್ಲ. ರಷ್ಯನ್ನರು ಸ್ಕೋರನ್ನು ‘ನೋತಿ’ ಎನ್ನುತ್ತಾರೆ, ಪಿಯಾನೊಗಾಗಿ ಎನ್ನಲು ‘ದ್ಲ್ಯಾ ಫೋರ್ತೆಪ್ಯಾನೊ’, ಸಂಕಲನಕ್ಕೆ ‘ಸ್ಬೋರ್ನಿಕ್’. ಇವನ್ನು ರಷ್ಯನ್ ಲಿಪಿಯಲ್ಲೇ, ಸಂಯೋಜಕರ ಅಡ್ಡಹೆಸರಿನ ಜೊತೆ ಹಾಕಿ. ಜರ್ಮನ್ ಅಂಗಡಿಗಳಲ್ಲಾದರೆ ‘ವಿ’ ಜಾಗಕ್ಕೆ ‘ಡಬ್ಲ್ಯೂ’, ಕೊನೆಯ ‘ಟಿಎಸ್’ ಜಾಗಕ್ಕೆ ‘ಝಡ್’ ಹಾಕಿದರೆ ರೋಸ್ಲವೆಟ್ಸ್ ಸಿಗುತ್ತಾರೆ. ಸಣ್ಣ ಕೃತಿಗಳು ಬಿಡಿಯಾಗಿ ಸಿಗದಿದ್ದರೆ ಸೋವಿಯತ್ ಸಂಯೋಜಕರ ಸಂಕಲನಗಳ ಪರಿವಿಡಿ ನೋಡಿ. ಲೆನಿನ್‌ಗ್ರಾಡ್ ಮುತ್ತಿಗೆಯ ಕಾಲದಲ್ಲಿ, 1942ರಲ್ಲಿ ತೀರಿಕೊಂಡ ಬೊರಿಸ್ ಗೋಲ್ಟ್ಸ್ ಅವರಂಥವರು ಇಂಥ ಕಡೆಯೂ ಅಡಗಿರುತ್ತಾರೆ, ಮಾರಾಟದ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ.

ರಷ್ಯಾದ ಅಂಗಡಿಗಳಿಗೆ ಹಣ ಕಳಿಸುವುದು ಈಗ ಕಷ್ಟ. ವೀಸಾ, ಮಾಸ್ಟರ್‌ಕಾರ್ಡ್ 2022ರ ಮಾರ್ಚ್‌ನಲ್ಲಿ ಅಲ್ಲಿನ ವಹಿವಾಟು ನಿಲ್ಲಿಸಿದ ಮೇಲೆ ಹೊರಗಿನ ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಸುಲಭದ ಬದಲಿ ಜರ್ಮನಿಯ ಹಳೆಪುಸ್ತಕ ಮಾರಾಟಗಾರರು. ಸೋವಿಯತ್ ಸ್ಕೋರ್‌ಗಳು ಪೂರ್ವ ಜರ್ಮನಿಯಲ್ಲಿ ಅಗ್ಗಕ್ಕೆ ಮಾರಾಟವಾಗುತ್ತಿದ್ದವು, ಅವು ಈಗ ಅಲ್ಲಿಂದ ಹೊರಬರುತ್ತಿವೆ. ಭಾರತಕ್ಕೆ ತರಿಸುವಾಗ ಪಾರ್ಸೆಲ್ ಮೇಲೆ ‘ಪುಸ್ತಕ’ ಎನ್ನದೆ ಮುದ್ರಿತ ಸಂಗೀತ, ಕಸ್ಟಮ್ಸ್‌ನ ಎಚ್‌ಎಸ್ ಕೋಡ್ 4904 ಎಂದು ಬರೆಯಿಸಿ. ಪುಸ್ತಕದ ಕೋಡೇ ಬೇರೆ. ಬಂದ ಪ್ರತಿಯನ್ನು ನೇರ ಸ್ಟ್ಯಾಂಡಿಗೆ ಏರಿಸಬೇಡಿ. ಕಾಗದ ಕಂದಿ ಹಪ್ಪಳದಂತಾಗಿರುತ್ತದೆ, ಪಿನ್ನು ತುಕ್ಕು ಹಿಡಿದಿರುತ್ತದೆ. ಪಿನ್ನಿನ ಕಾಲುಗಳನ್ನು ಹಿಂದಿನಿಂದ ಚಪ್ಪಟೆ ಚಾಕುವಿನಿಂದ ನೆಟ್ಟಗೆ ಮಾಡಿ ಎತ್ತಿ. ಎಳೆದರೆ ಮಧ್ಯದ ಹಾಳೆ ಸೀಳುತ್ತದೆ.

ಗ್ರಂಥಾಲಯದ ಸ್ಕ್ಯಾನ್ ನಿಧಾನ, ಆದರೆ ಗುಣದಲ್ಲಿ ಮೊದಲ ಸ್ಥಾನ ಇದಕ್ಕೇ. ಹಲವು ದೇಶಗಳ ಗ್ರಂಥಾಲಯಗಳ ಪಟ್ಟಿಯಾದ ವರ್ಲ್ಡ್‌ಕ್ಯಾಟ್‌ನಲ್ಲಿ, ಇಲ್ಲವೇ ಜರ್ಮನಿಯ ಕಾರ್ಲ್ಸ್‌ರೂಹೆ ಜಂಟಿ ಕ್ಯಾಟಲಾಗ್‌ನಲ್ಲಿ ಕೃತಿ ಹುಡುಕಿ, ಕಾಲ್ ನಂಬರ್ (ಗ್ರಂಥಾಲಯದಲ್ಲಿ ಪ್ರತಿ ಇರುವ ಜಾಗದ ಸಂಖ್ಯೆ) ಬರೆದುಕೊಂಡು, ನೇರ ಆ ಗ್ರಂಥಾಲಯದ ಸಂಗೀತ ವಿಭಾಗಕ್ಕೆ ಬರೆಯಿರಿ. ಹಕ್ಕು ಮುಗಿದ ಕೃತಿಗೆ ಮಾತ್ರ ಪೂರ್ತಿ ಸ್ಕ್ಯಾನ್ ಕೊಡುತ್ತಾರೆ, ಆದ್ದರಿಂದ ಮೇಲಿನ ಎರಡು ಇಸವಿಗಳನ್ನು ಪತ್ರದಲ್ಲೇ ಹೇಳಿಬಿಟ್ಟರೆ ಒಂದು ಸುತ್ತು ಉಳಿಯುತ್ತದೆ. 300 ಡಿಪಿಐ ಗ್ರೇಸ್ಕೇಲ್ (ಬೂದು ಛಾಯೆಗಳೂ ಬರುವ ಸ್ಕ್ಯಾನ್) ಎಂದೂ ನಮೂದಿಸಿ. ಹೇಳದಿದ್ದರೆ ಕೆಲವೆಡೆ ಕಪ್ಪು-ಬಿಳುಪಿನದೇ ಬರುತ್ತದೆ. ರೋಸ್ಲವೆಟ್ಸ್‌ಗೆ ಈ ದಾರಿ, ಅಲೆಕ್ಸಾಂದ್ರೊವ್‌ಗೆ ಹಳೆಯ ಪ್ರತಿ: ನಮ್ಮ ಆಯ್ಕೆ ಇದು.

ವಿಡಿಯೊಗಳಲ್ಲಿ ಸಂಗೀತದ ಜೊತೆ ಓಡುವ ಸ್ಕೋರ್ ಪುಟಗಳನ್ನು ಹಿಡಿದು ಜೋಡಿಸುವವರೂ ಇದ್ದಾರೆ. ಕೃತಿ ಬೇಕೋ ಬೇಡವೋ ನಿರ್ಧರಿಸಲು ಅದು ಸಾಕು, ನುಡಿಸಲು ಸಾಲದು. ಅಂಚು ಕತ್ತರಿಸಿರುತ್ತದೆ, ಅಡಿಟಿಪ್ಪಣಿ ಹೋಗಿರುತ್ತದೆ.

ಯಾವ ದಾರಿಯಿಂದ ಬಂದರೂ ಪ್ರಿಂಟ್ ತೆಗೆಯುವಾಗ ಒಂದು ಎಡವಟ್ಟು ಕಾದಿರುತ್ತದೆ. ಸೋವಿಯತ್ ಸ್ಕೋರಿನ ಸಾಮಾನ್ಯ ಅಳತೆ ಸುಮಾರು 22×29 ಸೆಂ.ಮೀ., ಎ4 ಹಾಳೆಯ ಅಗಲ 21. ಪ್ರಿಂಟರ್‌ನಲ್ಲಿ ‘ಆ್ಯಕ್ಚುವಲ್ ಸೈಜ್’ ಬಿಟ್ಟರೆ ಬಲ ಅಂಚಿನ ಕೊನೆಯ ಸ್ವರ ಕತ್ತರಿಸುತ್ತದೆ. ಸ್ಕ್ಯಾನಿನ ಖಾಲಿ ಅಂಚನ್ನು ಮೊದಲು ಕತ್ತರಿಸಿ, ಆಮೇಲೆ ಹಾಳೆಗೆ ಹೊಂದಿಸಿ ತೆಗೆಯಿರಿ.