ಬ್ಯಾಗಿಗೆ ಸಿಕ್ಕಿಸಿದ ಗಾಳಿ ಮೀಟರ್: ಎರಡೂವರೆ ವರ್ಷದ ನಂತರ

ಅಮ್ಮನಿಗೆ ಉಬ್ಬಸ. ಚಳಿಗಾಲ ಬಂತೆಂದರೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ನಡುರಾತ್ರಿ ಎದ್ದು ಕೂರುತ್ತಾರೆ. ಮೊಬೈಲಿನಲ್ಲಿ ನೋಡಿದರೆ ಗಾಳಿ ಪರವಾಗಿಲ್ಲ ಅಂತ ಇರುತ್ತಿತ್ತು. ಆದರೆ ಆ ಅಂಕಿ ಪಕ್ಕದ ಊರು ಕಲ್ಯಾಣದ ಖಡಕ್‌ಪಾಡಾ ಮಾಪನ ಕೇಂದ್ರದ್ದು. ಅಮ್ಮ ಉಸಿರಾಡುವುದು ಹತ್ತಡಿ ಕೋಣೆಯೊಳಗೆ. ಆ ಕೋಣೆಯ ಲೆಕ್ಕ ಬೇಕು ಅಂತಲೇ ಈ ಪಿಎಂ 2.5 ಮೀಟರ್, ಅಂದರೆ ಗಾಳಿಯಲ್ಲಿರುವ 2.5 ಮೈಕ್ರೋಮೀಟರ್ ಮತ್ತು ಅದಕ್ಕಿಂತ ಸಣ್ಣ ಕಣಗಳನ್ನು ಅಳೆಯುವ ಮೀಟರ್, ತಗೊಂಡೆ.

ಸಾಬೂನಿನ ಪೆಟ್ಟಿಗೆಯಷ್ಟಿದೆ. ಒಳಗಿನ ಪುಟ್ಟ ಫ್ಯಾನ್ ಗಾಳಿ ಎಳೆಯುತ್ತದೆ. ಲೇಸರ್ ಬೆಳಕು ಕಣಗಳಿಗೆ ತಾಗಿ ಎಷ್ಟು ಚದುರಿತು ಅನ್ನುವುದರಿಂದ ಅಂಕಿ ಬರುತ್ತದೆ. ತಂದ ದಿನವೇ ಒಂದು ಸೆಟ್ಟಿಂಗ್ ಬದಲಿಸಿ. ನನ್ನದು ಅಮೆರಿಕದ ಎಕ್ಯೂಐ (ಗಾಳಿ ಗುಣಮಟ್ಟದ ಸೂಚ್ಯಂಕ) ತೋರಿಸುತ್ತಿತ್ತು. ಘನ ಮೀಟರಿಗೆ 60 ಮೈಕ್ರೋಗ್ರಾಂ ಇದ್ದರೆ ನಮ್ಮ ದೇಶದ ಎಕ್ಯೂಐ 100, ಅಮೆರಿಕದ್ದು 150ಕ್ಕಿಂತ ಜಾಸ್ತಿ. ಸುಮ್ನೆ ಗಾಬರಿ. ಮೈಕ್ರೋಗ್ರಾಂ ಇಟ್ಟುಕೊಂಡರೆ ಗೊಂದಲವಿಲ್ಲ. ದಿನದ ಸರಾಸರಿಗೆ ನಮ್ಮ ದೇಶದ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ 15.

ಮೊದಲ ತಿಂಗಳು ಅದನ್ನು ಆಫೀಸ್ ಬ್ಯಾಗಿಗೆ ಸಿಕ್ಕಿಸಿಕೊಂಡು ಓಡಾಡಿದೆ. ಕುರ್ಲಾದವರೆಗೆ ಲೋಕಲ್, ಅಲ್ಲಿಂದ ಶೇರ್ ಆಟೋದಲ್ಲಿ ಆಫೀಸಿರುವ ಬಿಕೆಸಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್). ಆಟೋ ಸಿಗ್ನಲ್‌ನಲ್ಲಿ ನಿಂತಾಗ 180 ದಾಟುತ್ತಿತ್ತು. ತಪ್ಪೆಲ್ಲ ರಸ್ತೆಯದ್ದೇ ಅಂದುಕೊಂಡೆ. ಆಮೇಲೆ ಒಂದು ರಾತ್ರಿ ಅಮ್ಮನ ಹಾಸಿಗೆ ಪಕ್ಕ ಇಟ್ಟೆ. ಕಿಟಕಿ ಮುಚ್ಚಿತ್ತು, ಮೂಲೆಯಲ್ಲಿ ಸೊಳ್ಳೆ ಬತ್ತಿ ಉರಿಯುತ್ತಿತ್ತು. ಬೆಳಿಗ್ಗೆ ನೋಡಿದರೆ ರಾತ್ರಿಯ ಸರಾಸರಿ 140.

ಆಟೋದ 180ಕ್ಕಿಂತ ಕಡಿಮೆಯೇ ಅಲ್ವಾ? ಆದರೆ ಅಂಕಿಯನ್ನು ಹೊತ್ತಿನಿಂದ ಗುಣಿಸಬೇಕು. ಆಟೋದಲ್ಲಿ ನಾನಿರುವುದು 24 ನಿಮಿಷ, ಅಂದರೆ 0.4 ಗಂಟೆ. 180ರಿಂದ ಗುಣಿಸಿದರೆ 72. ಅಮ್ಮ ಕೋಣೆಯಲ್ಲಿರುವುದು 8 ಗಂಟೆ, 140ರಿಂದ ಗುಣಿಸಿದರೆ 1120. ಹದಿನೈದು ಪಟ್ಟು! ನಿದ್ದೆಯಲ್ಲಿ ಉಸಿರು ನಿಧಾನ, ಹಾಗಾಗಿ ಒಳಗೆ ಹೋಗುವುದು ಅಷ್ಟೇ ಪಟ್ಟು ಅಲ್ಲ. ಆದರೂ ಆ ಬೆಳಿಗ್ಗೆ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ಪ್ರತಿ ಸಂಜೆ ಆ ಬತ್ತಿ ಹಚ್ಚುತ್ತಿದ್ದವನು ನಾನೇ.

"ಬತ್ತಿ ಇಲ್ಲದೆ ಈ ಸೊಳ್ಳೆಯಲ್ಲಿ ಮಲಗುವುದು ಹೇಗೆ ಮಗಾ?" ಅಂದರು ಅಮ್ಮ. ಊರಿನಿಂದ ಸೊಳ್ಳೆ ಪರದೆ ತರಿಸಿದೆ. ಬತ್ತಿ ಬಿಟ್ಟ ವಾರ ಅದೇ ಕೋಣೆಯ ಸರಾಸರಿ 55. ಹೊರಗಿನ ಗಾಳಿಯೂ ಆಗ ಹೆಚ್ಚುಕಡಿಮೆ ಅಷ್ಟೇ ಇತ್ತು. ಆಮೇಲೆ ಅಡುಗೆಮನೆಯಲ್ಲಿ ಒಗ್ಗರಣೆಗೆ ಮೊದಲೇ ಎಕ್ಸಾಸ್ಟ್ ಫ್ಯಾನ್ ಹಾಕುವ ಅಭ್ಯಾಸ ಬಂತು. ಊದುಬತ್ತಿ ಈಗ ಬಾಲ್ಕನಿಯ ತುಳಸಿಯ ಮುಂದೆ.

ಕೊರತೆಗಳೂ ಇವೆ. ಮಳೆಗಾಲದಲ್ಲಿ ಇದನ್ನು ನಂಬಬೇಡಿ. ತೇವದಲ್ಲಿ ಕಣಗಳು ನೀರು ಹೀರಿ ಉಬ್ಬುತ್ತವೆ, ಲೇಸರಿಗೆ ದೊಡ್ಡದಾಗಿ ಕಾಣುತ್ತವೆ. ಜುಲೈಯಲ್ಲಿ ಬಿಕೆಸಿಯ ಸರ್ಕಾರಿ ಕೇಂದ್ರ 25 ತೋರಿಸುವಾಗ ಇದು 70 ಅಂದಿತು. ಜನವರಿಯಲ್ಲಿ ಅದೇ ಜಾಗದಲ್ಲಿ ಎರಡೂ ಹತ್ತಿರ ಹತ್ತಿರ ಇದ್ದವು. ಬ್ಯಾಟರಿ ಒಂದೂವರೆ ವರ್ಷಕ್ಕೆ ಸೋತಿತು. ಸರ್ವಿಸ್‌ನವರು ಎರಡು ತಿಂಗಳು ಉತ್ತರವೇ ಕೊಡಲಿಲ್ಲ. ಈಗ ಚಾರ್ಜರ್ ವಯರ್ ಹಾಕಿದರೆ ಮಾತ್ರ ಕೆಲಸ ಮಾಡುತ್ತದೆ.

ಇನ್ನೊಂದು ಮಾತು. ಇದಕ್ಕೆ ಅನಿಲ ಕಾಣುವುದಿಲ್ಲ, ನೈಟ್ರೋಜನ್ ಡೈಆಕ್ಸೈಡ್ ಅಂತೂ ಇಲ್ಲವೇ ಇಲ್ಲ. 0.3 ಮೈಕ್ರೋಮೀಟರಿಗಿಂತ ಸಣ್ಣ ಕಣಗಳೂ ತಪ್ಪಿಸಿಕೊಳ್ಳುತ್ತವೆ. ಡೀಸೆಲ್ ಹೊಗೆಯ ತಾಜಾ ಮಸಿಯಲ್ಲಿ ಹೆಚ್ಚಿನವು ಅಂಥವೇ. ಹಾಗಾಗಿ ರಸ್ತೆಯ ಅಂಕಿ ಕಡಿಮೆ ಬಂತೆಂದು ಮಾಸ್ಕ್ ತೆಗೆಯಬೇಡಿ. ನಾನು ಆಟೋದಲ್ಲಿ ಎನ್95 ಬಿಟ್ಟಿಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮನೆಯಲ್ಲಿ ಉಬ್ಬಸದವರು, ಪುಟ್ಟ ಮಕ್ಕಳು ಇದ್ದರೆ ತಗೊಳ್ಳಿ. ನವೆಂಬರಿನಿಂದ ಫೆಬ್ರವರಿವರೆಗೆ ನಾಲ್ಕು ತಿಂಗಳು ಬಳಸಿದರೂ ಸಾಕು, ಮೊದಲು ಮಲಗುವ ಕೋಣೆಯಲ್ಲೇ ಇಡಿ. ನಮ್ಮದು ಈ ವಾರ ಮೇಲಿನ ಮಹಡಿಯ ಮನೆಯಲ್ಲಿದೆ. ಅವರ ಮಗುವಿಗೆ ರಾತ್ರಿ ಕೆಮ್ಮು.