ಸಹಿಸಲಾಗದ ನಾಯಕನ ಜೊತೆ ಒಂದು ದೀರ್ಘ ಪ್ರಯಾಣ: ‘ಟೇಲ್ಸ್ ಆಫ್ ದಿ ಅಬಿಸ್’

ಪಾತ್ರವೊಂದನ್ನು ನಾವೇ ನಡೆಸುತ್ತ ಕಥೆಯಲ್ಲಿ ಸಾಗುವ ಜಪಾನಿನ ರೋಲ್‌ಪ್ಲೇಯಿಂಗ್ ವಿಡಿಯೊ ಆಟಗಳ ನಾಯಕರು ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ಯಾರನ್ನಾದರೂ ಕಾಪಾಡಿ ನಮ್ಮ ಮೆಚ್ಚುಗೆ ಗಿಟ್ಟಿಸಿಕೊಳ್ಳುತ್ತಾರೆ. ನಾಮ್ಕೊ ಸಂಸ್ಥೆ 2005ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಪ್ಲೇಸ್ಟೇಷನ್ 2 ಎಂಬ ಆಟದ ಯಂತ್ರಕ್ಕೆ ತಂದ ‘ಟೇಲ್ಸ್ ಆಫ್ ದಿ ಅಬಿಸ್’ನ ಲೂಕ್ ಫೋನ್ ಫಾಬ್ರೆ ಆ ಜಾತಿಯವನಲ್ಲ. ಬಾಲ್ಯದಲ್ಲಿ ಅಪಹರಣಕ್ಕೊಳಗಾಗಿ, ನೆನಪನ್ನೆಲ್ಲ ಕಳೆದುಕೊಂಡು ಮರಳಿದ ಈ ಡ್ಯೂಕ್‌ನ ಮಗನನ್ನು ಏಳು ವರ್ಷ ಅರಮನೆಯಂಥ ಮನೆಯಿಂದ ಹೊರಗೆ ಕಾಲಿಡಗೊಟ್ಟಿಲ್ಲ. ಆಕಸ್ಮಿಕವಾಗಿ ಹೊರಜಗತ್ತಿಗೆ ಬಂದು ಬಿದ್ದ ಮೇಲೆ ಅವನಿಗೆ ಎಲ್ಲವೂ ಬೇಸರ, ಎಲ್ಲರೂ ತಲೆನೋವು.

ಎಂಗೇವ್ ಎಂಬ ಹಳ್ಳಿಯ ದೃಶ್ಯವೊಂದರಲ್ಲೇ ಅವನು ಬೆಳೆದು ಬಂದ ರೀತಿಯೆಲ್ಲ ಕಾಣುತ್ತದೆ. ಅಂಗಡಿಯ ಮುಂದಿದ್ದ ಸೇಬನ್ನು ಎತ್ತಿಕೊಂಡು ಕಚ್ಚುತ್ತಾನೆ. ವ್ಯಾಪಾರಿ ದುಡ್ಡು ಕೇಳಿದಾಗ, ಕೈಗೆ ಸಿಕ್ಕ ವಸ್ತುವಿಗೆ ಹಣ ಕೊಡಬೇಕೆಂಬುದೇ ಅವನಿಗೆ ಹೊಸ ಸುದ್ದಿ. ಅನಂತರ ಜೊತೆಗೂಡುವ ಮ್ಯೂ ಎಂಬ ಪುಟ್ಟ ಪ್ರಾಣಿಯನ್ನು ಅವನು ಜಪಾನಿ ಮೂಲದಲ್ಲಿ ‘ಹಂದಿಕೋತಿ’ ಎಂದೇ ಕರೆಯುತ್ತಾನೆ, ಒದೆಯುತ್ತಾನೆ. ಆದರೆ ದಾರಿಗೆ ಅಡ್ಡವಾದದ್ದನ್ನು ಸುಡಲು ಅದೇ ಮ್ಯೂನ ಬೆಂಕಿಯನ್ನು ಗುಂಡಿಯೊತ್ತಿ ಬಳಸುವವರು ನಾವು. ಆನಿಮೆಯಲ್ಲಿ, ಅಂದರೆ ಜಪಾನಿ ಅನಿಮೇಷನ್ ಸರಣಿಯಲ್ಲಿ, ಇಂಥ ನಾಯಕನನ್ನು ದೂರದಲ್ಲಿ ಕುಳಿತು ಬೈಯಬಹುದು. ಆಟದಲ್ಲಿ ಅವನನ್ನು ನಡೆಸುತ್ತಿರುವ ಕೈ ನಮ್ಮದೇ ಆಗಿರುವುದರಿಂದ ಬೈಗುಳ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಹಾಗೆಂದು ಬರಹಗಾರರು ಅವನನ್ನು ಬರೀ ಸೊಕ್ಕಿನ ಮುದ್ದೆಯಾಗಿಸಿಲ್ಲ. ಸೈನಿಕನೊಬ್ಬ ಎದುರು ಬಂದಾಗ ಕೊಲ್ಲಲು ಕೈಬರದೆ ಲೂಕ್ ಹೆಪ್ಪುಗಟ್ಟಿ ನಿಲ್ಲುತ್ತಾನೆ, ಅವನ ಪಾಲಿನ ಏಟನ್ನು ಜೊತೆಗಾತಿ ಟಿಯರ್ ತಿನ್ನುತ್ತಾಳೆ. ಗುಂಪಿನ ಉಳಿದವರಿಗೆ ಯುದ್ಧದಲ್ಲಿ ಕೊಲ್ಲುವುದು ಕರ್ತವ್ಯದ ಭಾಗ. ಮನುಷ್ಯರನ್ನು ಕಡಿಯುವುದು ಭಯಾನಕ ಎಂದು ಮೈನಡುಗಿ ಹೇಳುವವನು ಎಲ್ಲರಿಗೂ ಬೇಡವಾದ ಈ ಹುಡುಗನೊಬ್ಬನೇ. ಮೊದಲ ಸಲ ಆಡಿದಾಗ ಇದು ನನಗೆ ಹೇಡಿತನವಾಗಿ ಕಂಡಿತ್ತು.

ಇನ್ನು ಮುಂದಿನ ಮಾತುಗಳು ಕಥೆಯ ತಿರುವನ್ನು ಬಿಟ್ಟುಕೊಡುತ್ತವೆ, ಆಡಬೇಕೆಂದಿರುವವರು ಕೊನೆಯ ಎರಡು ಪ್ಯಾರಾಗಳಿಗೆ ಹೋಗಬಹುದು. ವಿಷಾನಿಲ ಕವಿದ ಆಕ್ಸೆರಿಯುತ್ ಎಂಬ ಗಣಿಯೂರನ್ನು ಉಳಿಸಲು ಹೋದ ಲೂಕ್, ತಾನು ನಂಬುವ ಏಕೈಕ ವ್ಯಕ್ತಿಯಾದ ಕತ್ತಿವರಸೆಯ ಗುರು ವಾನ್‌ನ ಮಾತು ಕೇಳಿ, ಜೊತೆಗಾರರಿಗೆ ಒಂದು ಮಾತೂ ಹೇಳದೆ ತನ್ನ ಶಕ್ತಿಯನ್ನು ಪ್ರಯೋಗಿಸುತ್ತಾನೆ, ಊರಿಗೆ ಊರೇ ಸಾವಿರಾರು ಜನರ ಸಮೇತ ಪಾತಾಳಕ್ಕೆ ಕುಸಿಯುತ್ತದೆ. ಆಗ ಅವನು ಆಡುವುದು ಪಶ್ಚಾತ್ತಾಪದ ಮಾತಲ್ಲ, ‘ನನ್ನದೇನೂ ತಪ್ಪಿಲ್ಲ’ ಎಂಬ ಅರಚಾಟ. ಒಬ್ಬೊಬ್ಬರಾಗಿ ಎಲ್ಲರೂ ಬೆನ್ನು ತಿರುಗಿಸಿ ಹೋದಾಗ ಪಕ್ಕದಲ್ಲಿ ಉಳಿಯುವುದು ಒದೆ ತಿಂದ ಮ್ಯೂ ಮಾತ್ರ. ಅಷ್ಟಕ್ಕೇ ನಿಲ್ಲದೆ ಆಟವು ಸ್ವಲ್ಪ ಹೊತ್ತು ಲೂಕ್‌ನನ್ನೇ ನಮ್ಮ ಕೈಯಿಂದ ಕಿತ್ತುಕೊಂಡು, ಅವನದೇ ಮುಖದ ಆಶ್‌ನನ್ನು ಆಡಲು ಕೊಡುತ್ತದೆ. ಆಶ್‌ನೇ ನಿಜವಾದ ಮಗ. ಲೂಕ್ ಏಳು ವರ್ಷದ ಹಿಂದೆ ತಯಾರಾದ ಅವನ ನಕಲು.

ಈ ಒಂದು ಸಂಗತಿ ಹಿಂದಿನ ಗಂಟೆಗಳನ್ನೆಲ್ಲ ಬೇರೆ ಬೆಳಕಿನಲ್ಲಿ ಇಡುತ್ತದೆ. ಹದಿನೇಳರ ಮೈಯಲ್ಲಿ ಇದ್ದದ್ದು ಏಳು ವರ್ಷದ ಮಗು. ಈ ದುರಂತವನ್ನು ಮೊದಲೇ ನುಡಿದಿದ್ದ ಭವಿಷ್ಯವಾಣಿಯನ್ನು ಅರಿತ ತಂದೆಯೂ ರಾಜನೂ ಅವನನ್ನು ಸಾಯಲೆಂದೇ ಕಳಿಸಿದ್ದರು. ನಕಲು ತೆಗೆಯುವ ವಿದ್ಯೆಯನ್ನು ಕಂಡುಹಿಡಿದ, ಗುಂಪಿನಲ್ಲೇ ಇದ್ದ ಕರ್ನಲ್ ಜೇಡ್‌ಗೂ ಅನುಮಾನವಿತ್ತು, ಆದರೂ ಅವನು ಬಾಯಿಬಿಟ್ಟಿರಲಿಲ್ಲ. ಲೂಕ್‌ನ ಮೂರ್ಖ ಮಾತು ಕೇಳಲಾಗದೆಂದು ಮೊದಲು ಎದ್ದು ಹೋಗುವವರಲ್ಲಿ ಅದೇ ಜೇಡ್ ಇರುವುದು ನನಗೆ ಇಂದಿಗೂ ಜೀರ್ಣವಾಗಿಲ್ಲ. ಆಟದ ದೊಡ್ಡ ಕೊರತೆ ಇಲ್ಲಿದೆ: ತಲೆಗೂದಲು ಕತ್ತರಿಸಿಕೊಂಡು ಬದಲಾಗುತ್ತೇನೆಂದು ಪಣ ತೊಟ್ಟ ಲೂಕ್ ಗಳಿಗೆಗೊಮ್ಮೆ ಕ್ಷಮೆ ಕೇಳುತ್ತಾನೆ, ಸುಳ್ಳಿನಲ್ಲಿ ಪಾಲಿದ್ದ ಹಿರಿಯರು ಮಾತ್ರ ಎರಡು ಮಾತಿನಲ್ಲಿ ಪಾರಾಗುತ್ತಾರೆ. ಮೊದಲು ಅವನ ಸೊಕ್ಕು ಸಾಕೆನಿಸಿದರೆ ಅನಂತರ ಅವನ ಆತ್ಮನಿಂದೆ ಸಾಕೆನಿಸುತ್ತದೆ, ಇದು ಬೇಕೆಂದೇ ಮಾಡಿದ್ದೆಂದು ನನಗನ್ನಿಸುವುದಿಲ್ಲ. ಜಪಾನಿ ಆವೃತ್ತಿಯಲ್ಲಿ ಲೂಕ್ ಮತ್ತು ಆಶ್ ಇಬ್ಬರಿಗೂ ದನಿ ಕೊಟ್ಟ ಚಿಹಿರೊ ಸುಜುಕಿ ಮಾತ್ರ ಎಲ್ಲಿಯೂ ಸೋತಿಲ್ಲ. ಕತ್ತರಿ ಬಿದ್ದ ಮೇಲಿನ ಲೂಕ್‌ನ ದನಿಯಲ್ಲಿ ಹಳೆಯ ಉಡಾಫೆ ಇಳಿದಿರುವುದು ಕಣ್ಣು ಮುಚ್ಚಿ ಕೇಳಿದರೂ ತಿಳಿಯುತ್ತದೆ.

ಆಟವಾಗಿ ನೋಡಿದರೆ, ಕಾಳಗದ ಮಧ್ಯೆ ಯಾವ ದಿಕ್ಕಿಗಾದರೂ ಓಡಬಹುದಾದ ಸ್ವಾತಂತ್ರ್ಯ ‘ಟೇಲ್ಸ್’ ಆಟಗಳ ಸರಣಿಗೆ ಇಲ್ಲಿಂದಲೇ ಬಂತು, ಕಾಳಗಗಳು ಇಂದಿಗೂ ಚುರುಕಾಗಿವೆ. ಪ್ಲೇಸ್ಟೇಷನ್ 2ರಲ್ಲಿ ಲೋಡಿಂಗ್, ಅಂದರೆ ಮುಂದಿನ ದೃಶ್ಯ ತೆರೆಯುವವರೆಗಿನ ಕಾಯುವಿಕೆ, ಮಾತ್ರ ತಾಳ್ಮೆ ತಿನ್ನುತ್ತದೆ. ಕಥೆಯ ನಂತರದ ಭಾಗದಲ್ಲಿ ಅದೇ ಊರುಗಳನ್ನು ಪದೇ ಪದೇ ಸುತ್ತಿಸುತ್ತಾರೆ. ಇಂಗ್ಲಿಷ್ ಆವೃತ್ತಿಯಲ್ಲಿ ಪಾತ್ರಗಳ ನಡುವಿನ ಪುಟ್ಟ ಹರಟೆಗಳಿಗೆ ದನಿಯಿಲ್ಲ, ಓದಿಕೊಳ್ಳಬೇಕು.

2011ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ 3ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರದ ಆವೃತ್ತಿ ಲೋಡಿಂಗ್ ಕಾಟವನ್ನು ಬಹಳಷ್ಟು ತಗ್ಗಿಸಿದೆ, ಆದರೆ ಗೆಳೆಯರು ಒಟ್ಟಿಗೆ ಕಾಳಗಕ್ಕಿಳಿಯುವ ಸೌಲಭ್ಯ ಅದರಲ್ಲಿಲ್ಲ. ಒಬ್ಬರೇ ಆಡುವವರಿಗೆ ನನ್ನ ಆಯ್ಕೆ ಅದೇ. ಸನ್‌ರೈಸ್ ಸ್ಟುಡಿಯೊ 2008ರಲ್ಲಿ ಆರಂಭಿಸಿದ 26 ಕಂತುಗಳ ಆನಿಮೆ ಕಥೆಗೆ ನಿಷ್ಠವಾಗಿದೆ, ಚಿತ್ರಗಳೂ ಚೆನ್ನಾಗಿವೆ, ಆದರೆ ಲೂಕ್‌ನ ಜೊತೆ ಬೇಸತ್ತು ಕಳೆಯಬೇಕಾದ ಹೊತ್ತನ್ನು ಅದು ಮೊಟಕುಗೊಳಿಸುತ್ತದೆ. ಅಲ್ಲದೆ ಆಟದ ಮೆನುವಿನಲ್ಲಿ ಕಥಾಸಾರದ ಬದಲು ಲೂಕ್‌ನೇ ಬರೆದ ದಿನಚರಿಯಿದೆ. ಆಟವನ್ನು ಕೊಂಡವರು ಆಕ್ಸೆರಿಯುತ್ ದಾಟಿದ ಮೇಲೆ ಒಮ್ಮೆ ಅದರ ಮೊದಲ ಪುಟಗಳಿಗೆ ಮರಳಿ, ಆಗ ಸಿಟ್ಟು ತರಿಸಿದ್ದ ಆ ಗೊಣಗಾಟವನ್ನು ಮತ್ತೆ ಓದಿ ನೋಡಲಿ.